ಒದ್ದೆಯಾದ ಫೋನನ್ನು ‘ಆನ್ ಆಗುತ್ತಾ ನೋಡೋಣ’ ಅನ್ನಬೇಡಿ

ಮಳೆ ಹಿಡಿದುಕೊಂಡ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒದ್ದೆಯಾದ ಸಾಮಾನಿನದ್ದೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಅವಸರ ಇದ್ದವರಿಗೆ ಆವತ್ತೇ ಮೆಸೇಜ್ ಮಾಡಿ ಹೇಳಿದ್ದೇನೆ. ಉಳಿದವರಿಗೂ ಅನುಕೂಲವಾಗಲಿ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪ್ರಶ್ನೆ: ಸರ್, ತೋಟಕ್ಕೆ ಔಷಧಿ ಹೊಡೆಸುತ್ತಿದ್ದಾಗ ಬಗ್ಗಿದೆ, ಅಂಗಿ ಜೇಬಿನಲ್ಲಿದ್ದ ಫೋನು ಬೋರ್ಡೋ ಕದಡಿಟ್ಟ ಡ್ರಮ್ಮಿಗೆ ಬಿತ್ತು. ತಕ್ಷಣ ತೆಗೆದೆ, ಆನ್ ಆಗಿಯೇ ಇತ್ತು. ಒರೆಸಿಕೊಂಡು ಮಗನಿಗೆ ಕಾಲ್ ಕೂಡ ಮಾಡಿದೆ. ಅರ್ಧ ಗಂಟೆ ಆದ ಮೇಲೆ ತಾನಾಗಿಯೇ ಆಫ್ ಆಯಿತು. ಮನೆಯವಳು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಾಳೆ. ಎರಡು ದಿನ ಆಯಿತು. ಈಗ ಆನ್ ಮಾಡಿ ನೋಡಬಹುದಾ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಬೇಡ. ಚಾರ್ಜಿಗೂ ಹಾಕಬೇಡಿ. ಇನ್ನೊಂದು ಮಾತು, ಆ ಡಬ್ಬಿಯ ಅಕ್ಕಿಯನ್ನು ಅಡುಗೆಗೆ ಬಳಸಬೇಡಿ, ಕೋಳಿಗೂ ಹಾಕಬೇಡಿ. ಬೋರ್ಡೋದಲ್ಲಿರುವ ಮೈಲುತುತ್ತ (ಕಾಪರ್ ಸಲ್ಫೇಟ್) ಹೊಟ್ಟೆಗೆ ಹೋಗಬಾರದ ವಸ್ತು.

ನೀರು ಬಿದ್ದರೆ ಫೋನು ಕೆಡುತ್ತದೆ ಅಂತ ನಾವೆಲ್ಲ ಹೇಳುತ್ತೇವೆ, ಆದರೆ ಬರೀ ನೀರು ಅಷ್ಟು ಹಾಳು ಮಾಡುವುದಿಲ್ಲ. ಪೂರ್ತಿ ಶುದ್ಧವಾದ ನೀರಿನಲ್ಲಿ ಕರೆಂಟ್ ಹರಿಯುವುದೇ ಕಷ್ಟ. ನೀರಿನಲ್ಲಿ ಕರಗಿರುವ ಉಪ್ಪು, ಸುಣ್ಣ, ಸೋಪು ಇವೆಲ್ಲ ಕರೆಂಟಿಗೆ ದಾರಿ ಮಾಡಿಕೊಡುತ್ತವೆ. ನಿಮ್ಮ ಡ್ರಮ್ಮಿನಲ್ಲಿ ಇದ್ದದ್ದು ಶೇಕಡಾ 1ರ ಬೋರ್ಡೋ, ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಫೋನಿಗೆ ಇದಕ್ಕಿಂತ ಕೆಟ್ಟ ನೀರು ಸಿಗುವುದು ಕಷ್ಟ.

ಆ ನೀರು ಒಳಗೆ ಹೋದಾಗ ಫೋನು ಆನ್ ಇದ್ದರೆ ಏನಾಗುತ್ತದೆ ಗೊತ್ತಾ? ಬ್ಯಾಟರಿಯಲ್ಲಿ ಸುಮಾರು 4 ವೋಲ್ಟ್ ಇರುತ್ತದೆ. ಫೋನಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿರುವ ಎರಡು ಬಿಂದುಗಳ ನಡುವೆ ಆ ನೀರಿನ ಮೂಲಕವೇ ಕರೆಂಟ್ ಹರಿಯುತ್ತದೆ. ಒಂದು ಕಡೆಯ ತಾಮ್ರ ಕರಗಿ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಪೂಜೆಯ ತಾಮ್ರದ ಚೊಂಬನ್ನು ತೊಳೆಯದೆ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತದೆ ಅಲ್ವಾ, ಅದೇ ಕಿಲುಬು. ಚೊಂಬಿಗೆ ವಾರಗಟ್ಟಲೆ ಬೇಕು, ಆನ್ ಇರುವ ಫೋನಿಗೆ ಕೆಲವು ನಿಮಿಷ ಸಾಕು. ಆಫ್ ಇದ್ದರೆ ಇದೇ ಕೆಲಸ ತುಂಬಾ ನಿಧಾನ. ಆದ್ದರಿಂದ ನಿಮ್ಮ ಫೋನಿಗೆ ದೊಡ್ಡ ಪೆಟ್ಟು ಬಿದ್ದದ್ದು ಡ್ರಮ್ಮಿನೊಳಗೆ ಇದ್ದ ಆ ಕ್ಷಣದಲ್ಲಿ ಅಲ್ಲ, ಆಮೇಲಿನ ಅರ್ಧ ಗಂಟೆಯಲ್ಲಿ.

ಇದನ್ನು ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ. ಯಾರಿಗಾದರೂ ಮೊದಲು ಕೈ ಹೋಗುವುದು ಆ ಬಟನ್ನಿಗೇ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ಅಮ್ಮ ಮಳೆಯಲ್ಲಿ ನೆನೆದ ಫೋನು ತಂದಿದ್ದರು. ರಾತ್ರಿಯಿಡೀ ಫ್ಯಾನಿನ ಕೆಳಗೆ ಇಟ್ಟಿದ್ದೆ. ಬೆಳಿಗ್ಗೆ ಹೊರಗಡೆ ಪೂರ್ತಿ ಒಣಗಿತ್ತು. ಬಿಚ್ಚದೆ ಬಟನ್ ಒತ್ತಿದೆ. ಪರದೆ ಒಂದು ಸಲ ಬೆಳಗಿತು, ಅಷ್ಟೇ, ಬೋರ್ಡ್ ಶಾರ್ಟ್ ಆಯಿತು. ಅದರಲ್ಲಿ ತೀರಿಕೊಂಡ ಅವರ ಯಜಮಾನರ ವಾಯ್ಸ್ ಮೆಸೇಜುಗಳಿದ್ದವು, ಒಂದೂ ಸಿಗಲಿಲ್ಲ. ಆವತ್ತಿನಿಂದ ಬಿಚ್ಚಿ ನೋಡದೆ ಯಾವ ಒದ್ದೆ ಫೋನನ್ನೂ ನಾನು ಆನ್ ಮಾಡಿಲ್ಲ.

ಇನ್ನು ಅಕ್ಕಿಯ ವಿಷಯ. ಅಕ್ಕಿ ಫೋನಿನ ಒಳಗಿನ ನೀರನ್ನು ಎಳೆಯುವುದಿಲ್ಲ. ಬೋರ್ಡಿನ ಚಿಪ್ಪುಗಳ ಮೇಲೆ ತೆಳು ತಗಡಿನ ಮುಚ್ಚಳ ಇರುತ್ತದೆ, ರಿಪೇರಿಯವರು ಶೀಲ್ಡ್ ಅನ್ನುತ್ತಾರೆ. ಅದರಡಿ ಸೇರಿದ ಹನಿಗೂ ಡಬ್ಬಿಯ ಅಕ್ಕಿಗೂ ಸಂಬಂಧವೇ ಇಲ್ಲ. ಮೇಲಾಗಿ ಅಕ್ಕಿಯ ಹುಡಿ ಚಾರ್ಜಿಂಗ್ ಪೋರ್ಟಿನ ಒದ್ದೆಗೆ ಅಂಟಿ ಗಂಜಿ ಆಗುತ್ತದೆ. ಅಕ್ಕಿಯಲ್ಲಿ ಇಡಬೇಡಿ, ಸಣ್ಣ ಚೂರುಗಳು ಒಳಗೆ ಹೋಗಿ ಹಾಳು ಮಾಡಬಹುದು ಅಂತ ಆಪಲ್ ಕಂಪನಿಯೇ ತನ್ನ ಐಫೋನ್ ಗ್ರಾಹಕರಿಗೆ ಹೇಳಿದೆ. ‘ನಮ್ಮದು ಅಕ್ಕಿಯಲ್ಲಿ ಇಟ್ಟೇ ಸರಿಹೋಯಿತು’ ಅನ್ನುವವರೂ ಇದ್ದಾರೆ. ಅವರ ಫೋನು ಉಳಿದದ್ದು ಎರಡು ದಿನ ಯಾರೂ ಬಟನ್ ಒತ್ತದೆ ಬಿಟ್ಟಿದ್ದರಿಂದ. ಆ ಎರಡು ದಿನ ಫ್ಯಾನಿನ ಗಾಳಿಯಲ್ಲಿ ಇಟ್ಟಿದ್ದರೆ ಇನ್ನೂ ಚೆನ್ನಾಗಿ ಒಣಗುತ್ತಿತ್ತು.

ಹಾಗಾದರೆ ಬಿದ್ದ ಕೂಡಲೇ ಏನು ಮಾಡಬೇಕಿತ್ತು? ಮೊದಲು ಆಫ್. ಕಾಲ್ ಬೇಡ, ಫೋಟೋ ಇದೆಯಾ ಅಂತ ನೋಡುವುದೂ ಬೇಡ. ಹಿಂದಿನ ಕವರ್ ತೆಗೆಯಲು ಬರುವ ಹಳೇ ಫೋನಾದರೆ ಬ್ಯಾಟರಿ ಕಿತ್ತುಬಿಡಿ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸಿಮ್ ಟ್ರೇ ಹೊರಗೆ ತೆಗೆಯಿರಿ. ಆಮೇಲೆ, ಇದನ್ನು ಕೇಳಿದರೆ ಜನ ಗಾಬರಿಯಾಗುತ್ತಾರೆ, ಔಷಧಿ, ಸಮುದ್ರದ ನೀರು, ಸೋಪಿನ ನೀರು ಇಂಥದ್ದಕ್ಕೆ ಬಿದ್ದಿದ್ದರೆ ಆಫ್ ಮಾಡಿದ ಫೋನನ್ನು ಒಂದು ಲೋಟ ಫಿಲ್ಟರ್ ನೀರು ಸುರಿದು ತೊಳೆಯಿರಿ. ಹೇಗೂ ಒದ್ದೆಯಾಗಿದೆ, ಕೆಟ್ಟ ನೀರು ಒಳಗೆ ಒಣಗಿ ಗಟ್ಟಿಯಾಗುವ ಬದಲು ಒಳ್ಳೆಯ ನೀರು ಇರುವುದು ಮೇಲು. ನಂತರ ಟವೆಲಿನಲ್ಲಿ ಒರೆಸಿ, ಪೋರ್ಟ್ ಕೆಳಗೆ ಬರುವ ಹಾಗೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಕೊಡವಬೇಡಿ, ಒಂದು ಮೂಲೆಯಲ್ಲಿದ್ದ ನೀರು ಎಲ್ಲಾ ಕಡೆ ಹರಡುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ, ಅಂಟು ಸಡಿಲವಾಗುತ್ತದೆ, ಗಾಳಿ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲೊಲೆ ಹತ್ತಿರ ಹರವುವ ರೂಢಿ ಇದೆ. ಫೋನನ್ನು ಮಾತ್ರ ಅಲ್ಲಿ ಇಡಬೇಡಿ. ಬ್ಯಾಟರಿಗೆ ಆ ಕಾವು ಅಪಾಯ.

ಇಷ್ಟು ಮಾಡಿದರೂ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ. ಈಗಿನ ಫೋನುಗಳಲ್ಲಿ ಆಫ್ ಮಾಡಿದರೂ ಬ್ಯಾಟರಿ ಒಳಗೆ ಕನೆಕ್ಟ್ ಆಗಿಯೇ ಇರುತ್ತದೆ. ಹಾಗಾಗಿ ಅವತ್ತೇ ರಿಪೇರಿಯವರ ಹತ್ತಿರ ಹೋಗಿ. ಹೋದಾಗ ‘ನೀರಿಗೆ ಬಿದ್ದಿದೆ, ನೋಡಿ’ ಅಂತ ಮಾತ್ರ ಹೇಳಬೇಡಿ. ಬ್ಯಾಟರಿ ಕನೆಕ್ಟರ್ ಬಿಚ್ಚಿ, ಬೋರ್ಡ್ ಹೊರಗೆ ತೆಗೆದು, ಐಪಿಎ ಹಾಕಿ ಕ್ಲೀನ್ ಮಾಡಿ ಅಂತ ಹೇಳಿ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಶೇಕಡಾ 99ರದ್ದು ಬೇಕು. ಅದು ನೀರಿನ ಜೊತೆ ಬೆರೆತು ಬೇಗ ಆವಿಯಾಗುತ್ತದೆ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿದರೆ ಕಿಲುಬೂ ಬಿಡುತ್ತದೆ. ಬಿಚ್ಚದೆ ಹೊರಗಿನಿಂದ ಬಿಸಿಗಾಳಿ ಹೊಡೆದು ‘ಆಯಿತು’ ಅನ್ನುವ ಅಂಗಡಿಯಾದರೆ ಫೋನು ವಾಪಸ್ ತೆಗೆದುಕೊಂಡು ಬನ್ನಿ. ಮನೆಯಲ್ಲಿರುವ ಸ್ಯಾನಿಟೈಸರಿನಿಂದ ಇದೇ ಕೆಲಸ ಮಾಡಲು ಹೋಗಬೇಡಿ, ಅದರಲ್ಲಿ ನೀರೂ ಇದೆ, ಹಲವು ಸಲ ಜೆಲ್ಲೂ ಇರುತ್ತದೆ.

ಸಿಮ್ಮನ್ನು ಒರೆಸಿ ಬೇರೆ ಫೋನಿಗೆ ಹಾಕಿಕೊಳ್ಳಿ. ಬ್ಯಾಂಕಿನ ಓಟಿಪಿ ಎಲ್ಲ ಅದರ ಮೇಲೇ ನಡೆಯುತ್ತದೆ, ಅದಿಲ್ಲದೆ ಪರದಾಡಿ ಕೊನೆಗೆ ಒದ್ದೆ ಫೋನನ್ನೇ ಆನ್ ಮಾಡಿದವರನ್ನು ತುಂಬಾ ನೋಡಿದ್ದೇನೆ.

ಪ್ರಶ್ನೆ ಕೇಳಿದ ಈ ತೀರ್ಥಹಳ್ಳಿಯವರು ಮರುದಿನವೇ ಶಿವಮೊಗ್ಗಕ್ಕೆ ಹೋಗಿ ಬಿಚ್ಚಿಸಿದರು, ಬೋರ್ಡಿನ ಫೋಟೋ ನನಗೂ ಕಳಿಸಿದ್ದಾರೆ. ಚಾರ್ಜಿಂಗ್ ಕನೆಕ್ಟರಿನ ಸುತ್ತ ನೀಲಿ ಹಸಿರು ಹೊಪ್ಪಳೆ, ಅದರ ಪಕ್ಕದಲ್ಲಿ ಸುಣ್ಣದ ಬಿಳಿ ಪುಡಿ. ಡಿಸ್‌ಪ್ಲೇ ಹೋಗಿದೆ, ಬೋರ್ಡ್ ಉಳಿದಿದೆ, ಫೋಟೋಗಳು ಸಿಕ್ಕಿವೆ.

ಪ್ರಶ್ನೆ: ಸಮುದ್ರದ ಅಲೆ ಬಂದು ನನ್ನ ಫೋನು ನೆನೆಯಿತು. ಐಪಿ68 ಇದೆ, ಏನೂ ಆಗಲ್ಲ ಅಂತ ಧೈರ್ಯವಾಗಿದ್ದೆ. ಮೂರು ವಾರದ ನಂತರ ಸ್ಪೀಕರ್ ಗೊರಗೊರ ಅನ್ನುತ್ತಿದೆ, ಚಾರ್ಜ್ ನಿಲ್ಲುತ್ತಿಲ್ಲ. ಸರ್ವಿಸ್ ಸೆಂಟರಿನಲ್ಲಿ ವಾರಂಟಿ ಇಲ್ಲ ಅಂದರು. ಇದು ಮೋಸ ಅಲ್ವಾ?
– ಕಾಲೇಜು ಉಪನ್ಯಾಸಕಿ, ಉಡುಪಿ

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ಮೇಡಂ. ಜಾಹೀರಾತಿನಲ್ಲಿ ಫೋನಿನ ಮೇಲೆ ನೀರು ಸುರಿಯುವುದನ್ನು ತೋರಿಸುತ್ತಾರೆ, ನೀರು ಹೋದರೆ ವಾರಂಟಿ ಇಲ್ಲ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ. ನನ್ನ ಪ್ರಕಾರ ಇದು ಸರಿಯಲ್ಲ. ಎರಡನ್ನೂ ಒಂದೇ ಗಾತ್ರದಲ್ಲಿ ಬರೆಯಬೇಕು.

ಐಪಿ68 ಅನ್ನುವ ಅಂಕಿಯ ಅರ್ಥ ಇಷ್ಟೇ. ಮೊದಲ 6 ಧೂಳಿನದ್ದು, ಧೂಳು ಒಳಗೆ ಹೋಗುವುದಿಲ್ಲ ಅಂತ. ಎರಡನೆಯದು ನೀರಿನದ್ದು. 7 ಇದ್ದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ. 8 ಇದ್ದರೆ ಅದಕ್ಕಿಂತ ಜಾಸ್ತಿ, ಎಷ್ಟು ಅನ್ನುವುದನ್ನು ಕಂಪನಿಯೇ ಹೇಳುತ್ತದೆ. ಪರೀಕ್ಷೆ ಮಾಡುವುದು ಹೊಸ ಫೋನಿನ ಮೇಲೆ, ಅಲ್ಲಾಡದ ಸಿಹಿ ನೀರಿನಲ್ಲಿ. ಎರಡು ವರ್ಷ ಬಳಸಿ ನಾಲ್ಕು ಸಲ ಬೀಳಿಸಿ ಒಂದು ಸಲ ಡಿಸ್‌ಪ್ಲೇ ಬದಲಿಸಿದ ಫೋನಿನಲ್ಲಿ ಆ ಅಂಟು ಮತ್ತು ರಬ್ಬರ್ ಮೊದಲಿನ ಹಾಗೆ ಇರುವುದಿಲ್ಲ. ಸಮುದ್ರದ ನೀರಿನಲ್ಲಂತೂ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಕೂತಿರುತ್ತದೆ. ನಿಮ್ಮ ಕರಾವಳಿಯ ಗಾಳಿಯಲ್ಲಿ ಯಾವಾಗಲೂ ತೇವ ಇರುತ್ತದೆ, ಆ ಉಪ್ಪು ಅದನ್ನು ಎಳೆದುಕೊಂಡು ಮತ್ತೆ ಮತ್ತೆ ಒದ್ದೆಯಾಗುತ್ತದೆ. ತೊಂದರೆ ಮೂರು ವಾರ ಬಿಟ್ಟು ಕಾಣಿಸಿಕೊಂಡದ್ದು ಅದಕ್ಕೇ.

ಈಗಲೂ ಬಿಚ್ಚಿ ತೊಳೆಸಿದರೆ ಬೋರ್ಡ್ ಉಳಿಯುವ ಸಾಧ್ಯತೆ ಇದೆ. ಸ್ಪೀಕರ್ ಮತ್ತು ಚಾರ್ಜಿಂಗ್ ಭಾಗ ಬದಲಿಸಬೇಕಾಗಬಹುದು. ಅದಕ್ಕೂ ಮೊದಲು, ಅದು ಆನ್ ಇರುವಷ್ಟು ಹೊತ್ತಿನಲ್ಲಿ ಫೋಟೋ, ವಾಟ್ಸಾಪ್ ಎಲ್ಲ ಬ್ಯಾಕಪ್ ತೆಗೆದುಕೊಳ್ಳಿ. ಇವತ್ತೇ. ಮುಂದೆ ಮಲ್ಪೆಗೋ ಕಾಪುವಿಗೋ ಹೋಗುವಾಗ ಐದು ರೂಪಾಯಿಯ ಜಿಪ್ ಕವರಿನಲ್ಲಿ ಫೋನು ಹಾಕಿಕೊಳ್ಳಿ, ಟಚ್ ಅದರ ಮೇಲಿನಿಂದಲೇ ಕೆಲಸ ಮಾಡುತ್ತದೆ.

ಪ್ರಶ್ನೆ: ಪಿಜಿಯಲ್ಲಿ ಲ್ಯಾಪ್‌ಟಾಪ್ ಮೇಲೆ ಅರ್ಧ ಲೋಟ ಚಹಾ ಚೆಲ್ಲಿತು. ಒರೆಸಿ, ಒಂದು ಗಂಟೆ ಬಿಸಿಲಿಗೆ ಇಟ್ಟು ಬಳಸುತ್ತಿದ್ದೇನೆ. ಹತ್ತು ದಿನ ಆಯಿತು. ಈಗ ಕೀಗಳು ಅಂಟುತ್ತಿವೆ, ಶಿಫ್ಟ್ ತಾನೇ ಒತ್ತಿಕೊಳ್ಳುತ್ತದೆ. ಕೀಬೋರ್ಡ್ ಬದಲಿಸಿದರೆ ಸಾಕಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಸಾಕಾಗುತ್ತದಾ ಇಲ್ಲವಾ ಅನ್ನುವುದು ಬಿಚ್ಚಿ ನೋಡಿದ ಮೇಲೇ ಗೊತ್ತಾಗುವುದು. ಚಹಾದಲ್ಲಿ ಹಾಲು ಸಕ್ಕರೆ ಎರಡೂ ಇವೆ. ಸಕ್ಕರೆ ಒಣಗಿದರೆ ಪಾಕದ ಹಾಗೆ ಅಂಟು, ಮೋಡ ಕವಿದ ದಿನ ಮತ್ತೆ ಒದ್ದೆ. ಅದು ಕೀಬೋರ್ಡಿನಲ್ಲೇ ನಿಂತಿದ್ದರೆ ನಿಮ್ಮ ಅದೃಷ್ಟ. ಕೆಳಗೆ ಬೋರ್ಡಿಗೆ ಇಳಿದಿದ್ದರೆ ಕೀಬೋರ್ಡ್ ಬದಲಿಸಿದ ಮೇಲೂ ಒಂದು ದಿನ ಸುಮ್ನೆ ಸತ್ತುಹೋಗುತ್ತದೆ. ಪ್ರಾಜೆಕ್ಟ್ ಫೈಲುಗಳನ್ನೆಲ್ಲ ಮೊದಲು ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಆಫ್ ಮಾಡಿ ಒಯ್ಯಿರಿ. ‘ಮದರ್‌ಬೋರ್ಡ್ ತೆಗೆದು ಎರಡೂ ಬದಿ ನೋಡಿ’ ಅಂತ ಹೇಳಿ. ನೀವೇ ಕ್ಲೀನ್ ಮಾಡುವ ಕೈ ಇರುವವರಾದರೆ ಎಸ್.ಪಿ. ರೋಡಿನಲ್ಲಿ ಐಪಿಎ ಸಿಗುತ್ತದೆ, ಬೇಗ ಬೆಂಕಿ ಹಿಡಿಯುವ ವಸ್ತು, ಒಲೆ ಇರುವ ಕೋಣೆಯಲ್ಲಿ ತೆರೆಯಬೇಡಿ.

ಮತ್ತೊಮ್ಮೆ ಹೀಗಾದರೆ ಮೊದಲು ಚಾರ್ಜರ್ ಕೀಳಿ. ಲ್ಯಾಪ್‌ಟಾಪ್ ಚಾರ್ಜರಿನಿಂದ ಸಾಮಾನ್ಯವಾಗಿ 19, 20 ವೋಲ್ಟ್ ಬರುತ್ತದೆ, ಫೋನಿನ ಬ್ಯಾಟರಿಗಿಂತ ಐದು ಪಟ್ಟು. ಪವರ್ ಬಟನ್ನನ್ನು 10 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ. ಫೈಲ್ ಸೇವ್ ಆಗಿಲ್ಲ ಅಂತ ಯೋಚಿಸಬೇಡಿ. ನಂತರ ಅರ್ಧ ತೆರೆದು, ಕೀಬೋರ್ಡ್ ಕೆಳಮುಖವಾಗಿ, ಡೇರೆಯ ಹಾಗೆ ನಿಲ್ಲಿಸಿ, ಕೆಳಗೆ ಟವೆಲ್ ಹಾಸಿ. ಚಹಾ ಬಂದ ದಾರಿಯಲ್ಲೇ ವಾಪಸ್ ಇಳಿಯುತ್ತದೆ.

ಪ್ರಶ್ನೆ: ಪ್ಯಾಂಟಿನ ಜೇಬಿನಲ್ಲಿದ್ದ ಇಯರ್‌ಬಡ್ಸ್ ಡಬ್ಬಿ ಸಮೇತ ವಾಷಿಂಗ್ ಮಷಿನ್ನಿನಲ್ಲಿ ತಿರುಗಿತು. ಬಿಸಾಕಬೇಕಾ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಬಿಸಾಕಬೇಡಿ, ಇಂಥವು ಉಳಿದದ್ದನ್ನು ಸಾಕಷ್ಟು ನೋಡಿದ್ದೇನೆ. ಆದರೆ ಬಡ್ಸನ್ನು ಡಬ್ಬಿಯಿಂದ ಹೊರಗೆ ತೆಗೆದಿಡಿ. ಒದ್ದೆ ಬಡ್ಸನ್ನು ಒದ್ದೆ ಡಬ್ಬಿಯಲ್ಲಿ ಇಟ್ಟರೆ ಅಲ್ಲೇ ಚಾರ್ಜ್ ಶುರುವಾಗುತ್ತದೆ, ಆ ಪುಟ್ಟ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ರಬ್ಬರ್ ತುದಿ ಕಳಚಿ, ಸೋಪಿನ ಅಂಶ ಹೋಗುವ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ. ಜಾಲರಿ ಕೆಳಗೆ ಬರುವ ಹಾಗೆ ಟಿಶ್ಯೂ ಮೇಲೆ ಇಡಿ, ಡಬ್ಬಿಯನ್ನೂ ಮುಚ್ಚಳ ತೆರೆದು ಬೋರಲಾಗಿ ಇಡಿ. ಕನಿಷ್ಠ ಎರಡು ದಿನ. ಪಿನ್ ಹಾಕಿ ಜಾಲರಿ ಚುಚ್ಚಬೇಡಿ. ಮೊದಲ ಸಲ ಚಾರ್ಜ್ ಮಾಡುವಾಗ ಪಕ್ಕದಲ್ಲೇ ಇರಿ. ಬಿಸಿಯಾದರೆ ಅಥವಾ ಉಬ್ಬಿದ ಹಾಗೆ ಕಂಡರೆ ತಕ್ಷಣ ತೆಗೆದು ಇ-ಕಸಕ್ಕೆ ಕೊಡಿ, ಅಂಥದ್ದನ್ನು ಕಿವಿಗೆ ಹಾಕಿಕೊಳ್ಳಬಾರದು.

ಪ್ರಶ್ನೆ: ನಾನು ಕುಂದಾಪುರದವನು, ದುಬೈಯಲ್ಲಿದ್ದೇನೆ. 2024ರ ಏಪ್ರಿಲ್ ಮಳೆಯಲ್ಲಿ ನಮ್ಮ ನೆಲಮಹಡಿಯ ಮನೆಗೆ ನೀರು ನುಗ್ಗಿತು. ಮದುವೆಯ ಫೋಟೋ ಇದ್ದ ಹಾರ್ಡ್ ಡಿಸ್ಕ್ ನೀರಿನಲ್ಲಿ ಮುಳುಗಿತ್ತು. ಧೈರ್ಯ ಬಾರದೆ ಇಷ್ಟು ದಿನ ಹಾಗೇ ಎತ್ತಿಟ್ಟಿದ್ದೇನೆ. ಈಗ ಒಣಗಿದೆಯಲ್ಲ, ಒಮ್ಮೆ ಹಾಕಿ ನೋಡಲಾ?

ಉತ್ತರ: ನೀವು ಹಾಕಿ ನೋಡದೆ ಇದ್ದದ್ದೇ ಒಳ್ಳೆಯದಾಯಿತು. ದಯವಿಟ್ಟು ಈಗಲೂ ಹಾಕಬೇಡಿ. ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅದನ್ನು ಓದುವ ಹೆಡ್ ಧೂಳಿನ ಕಣಕ್ಕಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತದೆ. ಒಳಗಿನ ಗಾಳಿಗಾಗಿ ಮೇಲೆ ಸಣ್ಣ ತೂತು ಇರುತ್ತದೆ, ಕೆಸರು ನೀರು ಅಲ್ಲಿಂದ ಹೋಗಿದ್ದರೆ ತಟ್ಟೆಯ ಮೇಲೆ ಮಣ್ಣಿನ ಕಲೆ ಒಣಗಿ ಕೂತಿರುತ್ತದೆ. ಪ್ಲಗ್ ಹಾಕಿದ ಕ್ಷಣ ಹೆಡ್ ಆ ಕಲೆಗೆ ಬಡಿದು ತಟ್ಟೆಯನ್ನು ಗೀರುತ್ತದೆ. ಗೀರಿದ ಜಾಗದ ಫೋಟೋ ಮತ್ತೆ ಯಾರಿಗೂ ಸಿಗುವುದಿಲ್ಲ. ಡೇಟಾ ರಿಕವರಿ ಮಾಡುವ, ಧೂಳಿಲ್ಲದ ಕೋಣೆ ಇರುವ ಲ್ಯಾಬಿಗೇ ಕೊಡಿ. ದುಬಾರಿ, ನಿಜ. ಸಿಕ್ಕರೆ ಮಾತ್ರ ದುಡ್ಡು ಅನ್ನುವ ಕರಾರು ಇದೆಯಾ ಅಂತ ಮೊದಲೇ ಕೇಳಿ.

ಬೇರೆಯವರಿಗೆ ಒಂದು ಮಾತು. ಫೋನಿನ ಹಾಗಲ್ಲ, ಹಾರ್ಡ್ ಡಿಸ್ಕ್ ಒದ್ದೆಯಾದರೆ ಒಣಗಿಸಲು ಹೋಗಬೇಡಿ. ಒದ್ದೆಯಾಗಿದ್ದ ಹಾಗೇ ಜಿಪ್ ಕವರಿನಲ್ಲಿ ಹಾಕಿ ಬೇಗ ಒಯ್ಯಿರಿ, ಕಲೆ ಗಟ್ಟಿಯಾಗುವ ಮೊದಲೇ ತೊಳೆಯುವುದು ಅವರಿಗೆ ಸುಲಭ. ಪೆನ್ ಡ್ರೈವ್, ಮೆಮೊರಿ ಕಾರ್ಡಿಗೆ ಈ ತಾಪತ್ರಯ ಇಲ್ಲ, ಒಳಗೆ ತಿರುಗುವುದು ಏನೂ ಇಲ್ಲ. ತೊಳೆದು ಎರಡು ದಿನ ಒಣಗಿಸಿ ಹಾಕಿದರೆ ಹೆಚ್ಚಿನವು ಓದುತ್ತವೆ.

ಪ್ರಶ್ನೆ: ಚಾರ್ಜರ್ ಹಾಕಿದರೆ ‘ಪೋರ್ಟಿನಲ್ಲಿ ತೇವ ಇದೆ’ ಅಂತ ಬರುತ್ತದೆ. ನಮ್ಮಲ್ಲಿ ಮೂರು ತಿಂಗಳು ಬಿಸಿಲೇ ಇಲ್ಲ. ಏನು ಮಾಡುವುದು?
– ಗೃಹಿಣಿ, ಮಡಿಕೇರಿ

ಉತ್ತರ: ಅದು ಫೋನು ಹೇಳುತ್ತಿರುವ ಸತ್ಯ, ಒತ್ತಾಯ ಮಾಡಿ ಚಾರ್ಜ್ ಮಾಡಬೇಡಿ. ಪೋರ್ಟ್ ಕೆಳಗೆ ಮಾಡಿ ತಟ್ಟಿ, ಅರ್ಧ ಗಂಟೆ ಫ್ಯಾನಿನ ಎದುರು ಇಡಿ. ಪೂರ್ತಿ ಒಣಗಲು ಒಂದು ದಿನ ಬೇಕಾದರೂ ಆಶ್ಚರ್ಯ ಇಲ್ಲ. ಹತ್ತಿ, ಕಡ್ಡಿ ತುರುಕಬೇಡಿ. ಕೇಬಲಿನ ತುದಿಯೂ ಒದ್ದೆ ಇರುತ್ತದೆ, ಅದನ್ನೂ ನೋಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಒಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೂಡಿಸಿಡಿ. ನಿಮ್ಮ ಊರಿಗೆ ಅದು ತುಂಬಾ ಉಪಯೋಗ. ಕ್ಯಾಮೆರಾ ಇದ್ದರೆ ಅದೂ ಆ ಡಬ್ಬಿಯಲ್ಲೇ ಇರಲಿ, ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಮಳೆಯಲ್ಲಿ ನೆನೆದ ಮೇಲೆ ಕಾರಿನ ರಿಮೋಟ್ ಕೀ ಕೆಲಸ ಮಾಡುತ್ತಿಲ್ಲ.
– ಓದುಗರು, ದಾವಣಗೆರೆ

ಉತ್ತರ: ಸೀಳಿನಲ್ಲಿ ನಾಣ್ಯ ಇಟ್ಟು ಬಿಡಿಸಿ, ಒಳಗಿನ ಬಟನ್ ಸೆಲ್ ತೆಗೆಯಿರಿ. ಹಲವು ಕೀಗಳಲ್ಲಿ ಸಿಆರ್2032 ಇರುತ್ತದೆ, 3 ವೋಲ್ಟ್. ಬೋರ್ಡನ್ನು ಒಣಗಿಸಿ, ಸೆಲ್ ಕೂರುವ ತಗಡನ್ನು ಒರೆಸಿ, ಹೊಸ ಸೆಲ್ ಹಾಕಿ. ಅಲ್ಲಿಯವರೆಗೆ ಬಟನ್ ಸ್ಟಾರ್ಟ್ ಇರುವ ಹಲವು ಕಾರುಗಳಲ್ಲಿ ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಹಿಡಿದರೆ ಗಾಡಿ ಶುರುವಾಗುತ್ತದೆ. ಹಳೇ ಸೆಲ್ಲನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಜೀವಕ್ಕೇ ಅಪಾಯ.

ಪ್ರಶ್ನೆ: ನಮ್ಮ ಅಜ್ಜಿ ಹಿಯರಿಂಗ್ ಏಡ್ ತೆಗೆಯೋದು ಮರೆತು ತಲೆಗೆ ನೀರು ಹಾಕಿಕೊಂಡರು. ಈಗ ಶಬ್ದವೇ ಬರುತ್ತಿಲ್ಲ. ಅವರು ಯಾರ ಹತ್ತಿರವೂ ಮಾತಾಡದೆ ಮೂಲೆಯಲ್ಲಿ ಕೂತಿದ್ದಾರೆ. ಬೇಗ ಹೇಳಿ ಅಂಕಲ್.
– ಹತ್ತನೇ ತರಗತಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ಪುಟ್ಟಿ, ನಿನಗೆ ಆವತ್ತೇ ಹೇಳಿದ್ದನ್ನು ಬೇರೆ ಮನೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸೆಲ್ ಇರುವ ಪುಟ್ಟ ಬಾಗಿಲು ತೆರೆದು ಸೆಲ್ ತೆಗೆಯಬೇಕು. ಅದು ಗಾಳಿಯಿಂದ ಕೆಲಸ ಮಾಡುವ ಸೆಲ್, ಮೇಲಿನ ಸ್ಟಿಕರ್ ಕಿತ್ತ ಮೇಲೆ ಸಣ್ಣ ತೂತುಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ಆ ತೂತಿಗೆ ನೀರು ಕೂತರೆ ಸೆಲ್ ಹೋದ ಹಾಗೇ, ಹೊಸದು ಹಾಕಿ. ಕಿವಿಯ ಹಿಂದೆ ಕೂರುವ ಬಗೆಯದಾದರೆ ಅದರ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ಹನಿ ಅಡ್ಡ ನಿಂತಿದ್ದರೂ ಶಬ್ದ ಬರುವುದಿಲ್ಲ. ನಳಿಕೆಯನ್ನು ಯಂತ್ರದಿಂದ ಬಿಡಿಸಿ, ರಬ್ಬರಿನ ಗಾಳಿ ಬುಡ್ಡೆಯಿಂದ ಊದಿ ಹನಿ ಹೊರಗೆ ಹಾಕಿ. ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವ ಇದೆ. ಯಂತ್ರವನ್ನು ಬಾಗಿಲು ತೆರೆದೇ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ, ಬಿಸಿಲಿಗೂ ಬೇಡ, ಒಲೆಯ ಹತ್ತಿರವೂ ಬೇಡ. ಚಾರ್ಜ್ ಮಾಡುವ ಬಗೆಯದಾದರೆ ಸೆಲ್ ತೆಗೆಯಲು ಬರುವುದಿಲ್ಲ, ಆಫ್ ಮಾಡಿ ಅದೇ ಡಬ್ಬಿಯಲ್ಲಿ ಇಡಿ, ಪೂರ್ತಿ ಒಣಗದೆ ಚಾರ್ಜಿಗೆ ಹಾಕಬೇಡಿ. ಬೆಳಿಗ್ಗೆಯೂ ಬರದಿದ್ದರೆ ನಿಮ್ಮ ಊರಲ್ಲೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ತೋರಿಸಿ.

ಹುಡುಗಿ ಮರುದಿನ ಮೆಸೇಜ್ ಮಾಡಿದ್ದಳು. ಹನಿ ನಳಿಕೆಯಲ್ಲೇ ಇತ್ತಂತೆ, ಊದಿ, ಸೆಲ್ ಬದಲಿಸಿದ ಮೇಲೆ ಶಬ್ದ ಬಂತಂತೆ. ಈಗ ಬಚ್ಚಲಮನೆ ಬಾಗಿಲಿನ ಹೊರಗೆ, ಅಜ್ಜಿ ಟವೆಲ್ ತೆಗೆದುಕೊಳ್ಳುವ ಮೊಳೆಯ ಪಕ್ಕದಲ್ಲೇ ಒಂದು ಪುಟ್ಟ ಡಬ್ಬಿ ತೂಗುಹಾಕಿದ್ದಾಳೆ.